ಕುದುರೆಯ ಮಂಡಿ ಎಲ್ಲಿದೆ?

ಅಭ್ಯಾಸ ಬೋಧನೆಯಲ್ಲಿ ಎಂಟನೇ ತರಗತಿಗೆ ಕುದುರೆಯ ದೇಹರಚನೆಯ ಪಾಠ ಮಾಡಿದೆ. ಚಾರ್ಟಿನಲ್ಲಿ ಭಾಗಗಳನ್ನೆಲ್ಲ ಬಣ್ಣದಲ್ಲಿ ಗುರುತಿಸಿದ್ದೆ. ಬೋಧನೋಪಕರಣಕ್ಕೆ ಒಳ್ಳೆಯ ಅಂಕವೂ ಬಂತು. ಕೊನೆಗೆ ಒಬ್ಬ ಹುಡುಗ ಕೇಳಿದ: "ಮಿಸ್, ಕುದುರೆಯ ಹಿಂಗಾಲಿನ ಮಂಡಿ ಯಾಕೆ ಹಿಂದಕ್ಕೆ ಮಡಿಚುತ್ತೆ?" ಪದವಿಯಲ್ಲಿ ಪ್ರಾಣಿಶಾಸ್ತ್ರ ಓದಿದ್ದ ನನಗೆ ಉತ್ತರ ಹೊಳೆಯಲಿಲ್ಲ. "ನಾಳೆ ಹೇಳ್ತೀನಿ" ಎಂದೆ.

ಅದು ಮಂಡಿಯೇ ಅಲ್ಲ, ಹಿಮ್ಮಡಿ. ನಿಜವಾದ ಮಂಡಿ ಮೇಲೆ ಹೊಟ್ಟೆಯ ಬಳಿ ಇದೆ. ಅದು ನಮ್ಮ ಮಂಡಿಯಂತೆಯೇ ಮಡಿಚುತ್ತದೆ. ಮುಂಗಾಲಿನಲ್ಲಿ ನಾವು ಮಂಡಿ ಎನ್ನುವುದು ಮಣಿಕಟ್ಟು. ಕುದುರೆ ಪ್ರತಿ ಕಾಲಿನಲ್ಲೂ ನಡುಬೆರಳೊಂದರ ತುದಿಯ ಮೇಲೆ ನಿಲ್ಲುತ್ತದೆ. ಗೊರಸು ಆ ಬೆರಳಿನ ಉಗುರು. ಮರುದಿನ ಮಕ್ಕಳನ್ನು ತುದಿಗಾಲಲ್ಲಿ ನಿಲ್ಲಿಸಿ ಹಿಮ್ಮಡಿ ಮುಟ್ಟಿ ನೋಡಲು ಹೇಳಿದೆ. ಚಾರ್ಟು ಬೇಕಾಗಲಿಲ್ಲ.

ನಮ್ಮ ಕಡೆ ಕುದುರೆ ಅಪರೂಪ, ಎತ್ತು ಅಲ್ಲ. ಎತ್ತಿನ ಒಂದೊಂದು ಪಾದಕ್ಕೆ ಲಾಳ ಎರಡು ತುಂಡು, ಕುದುರೆಗೆ ಒಂದೇ. ಯಾಕೆಂದು ಕೇಳಿದರೆ, ಎತ್ತು ಎರಡು ಬೆರಳಿನ ಮೇಲೆ ನಿಲ್ಲುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಎತ್ತು ಮೆಲುಕು ಹಾಕುತ್ತದೆ. ಅದರ ಜಠರಕ್ಕೆ ನಾಲ್ಕು ಕೋಣೆ. ಕುದುರೆ ಮೆಲುಕು ಹಾಕದು. ಅದರ ಜಠರಕ್ಕೆ ಒಂದೇ ಕೋಣೆ, ಅದೂ ಚಿಕ್ಕದು. ಹುಲ್ಲಿನ ನಾರು ಸೂಕ್ಷ್ಮಜೀವಿಗಳಿಂದ ಕೊಳೆತು ಜೀರ್ಣವಾಗುವುದು ಮುಂದೆ, ದೊಡ್ಡ ಕರುಳಿನಲ್ಲಿ. ಅದಕ್ಕೇ ಕುದುರೆ ದಿನವಿಡೀ ಸ್ವಲ್ಪ ಸ್ವಲ್ಪವೇ ಮೇಯುತ್ತದೆ.

ಕುದುರೆಯೇ ಬೇಕೆಂದರೆ ಬಸರಾಳಿನಲ್ಲಿ 1234ರಲ್ಲಿ ಕಟ್ಟಿದ ಮಲ್ಲಿಕಾರ್ಜುನ ದೇವಾಲಯವಿದೆ. ಅದರ ಬುಡದ ಪಟ್ಟಿಕೆಯಲ್ಲಿ ಕುದುರೆ ಸವಾರರ ಸಾಲೇ ಇದೆ. ದಿನವೂ ಅದರ ಮುಂದೆ ಓಡಾಡುವ ಮಕ್ಕಳಿಗೆ "ಹಿಮ್ಮಡಿ ತೋರಿಸು, ಮಣಿಕಟ್ಟು ತೋರಿಸು" ಎಂದರೆ ಸಾಕು.

ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಸಹಪಾಠಿಗಳು ಕೇಳುತ್ತಾರೆ. ತುದಿಗಾಲಲ್ಲಿ ನಿಲ್ಲಲು ಒಂದು ನಿಮಿಷ ಸಾಕು. ಚಾರ್ಟು ಬರೆಯಲು ನನಗೆ ಎರಡು ರಾತ್ರಿ ಹಿಡಿದಿತ್ತು.

ಚಾರ್ಟು ಬೇಡವೆನ್ನುತ್ತಿಲ್ಲ. ಆದರೆ ನಮ್ಮ ಮೌಲ್ಯಮಾಪನದಲ್ಲಿ ಚಾರ್ಟಿಗೆ ಅಂಕವಿದೆ, ಮಗುವಿನ ಪ್ರಶ್ನೆಗೆ ಇಲ್ಲ. ವೀಕ್ಷಣಾ ಹಾಳೆಗೆ ಎರಡು ಸಾಲು ಸೇರಿಸಬೇಕು: ಮಕ್ಕಳು ಏನು ಕೇಳಿದರು? ಪ್ರಶಿಕ್ಷಣಾರ್ಥಿ ಅದನ್ನು ಏನು ಮಾಡಿದರು? ಆ ದಿನ ಈ ಸಾಲುಗಳಿದ್ದಿದ್ದರೆ ನನ್ನ ಅಂಕ ಕಡಿಮೆಯಾಗುತ್ತಿತ್ತು. ಅದು ಸರಿಯೇ.