ಶಿಬಿರ ಮುಗಿದ ಮೇಲೆ ಚೀಟಿ ಎಲ್ಲಿಗೆ?

ಮುಂಬಯಿ ಮಹಾನಗರ ಹಾಗೂ ಉಪನಗರಗಳ ತುಳು-ಕನ್ನಡಿಗರ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತ ವೈದ್ಯಕೀಯ ಶಿಬಿರ ಏರ್ಪಡಿಸುತ್ತಿರುವುದು ಅಭಿನಂದನೀಯ. ದೀಪ ಬೆಳಗಿಸಿ ಉದ್ಘಾಟನೆ, ಗಣ್ಯರಿಗೆ ಪುಷ್ಪಗುಚ್ಛ, ಬಳಿಕ ರಕ್ತದೊತ್ತಡ ತಪಾಸಣೆ. ನೂರಾರು ಮಂದಿ ಪ್ರಯೋಜನ ಪಡೆದರೆಂದು ವರದಿಯೂ ಬರುತ್ತದೆ. ಆದರೆ ಅಂದು ಚೀಟಿಯಲ್ಲಿ 160/100 ಎಂದು ಬರೆಸಿಕೊಂಡವರು ಮುಂದೇನು ಮಾಡಿದರು ಎಂದು ಕೇಳುವವರಿಲ್ಲ.

ಮಹಾನಗರಪಾಲಿಕೆಯು ವಿಶ್ವ ಆರೋಗ್ಯ ಸಂಸ್ಥೆಯ ಸಹಕಾರದೊಂದಿಗೆ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 18ರಿಂದ 69 ವರ್ಷದೊಳಗಿನ ಮುಂಬಯಿಗರ ಪೈಕಿ ಶೇ. 34 ಮಂದಿಗೆ ಅಧಿಕ ರಕ್ತದೊತ್ತಡ ಕಂಡುಬಂದಿತ್ತು. ಅಂದರೆ ಮೂವರಲ್ಲಿ ಒಬ್ಬರು. ತಲೆನೋವು, ತಲೆಸುತ್ತು ಇದ್ದರೆ ಮಾತ್ರ ಬಿಪಿ ಎಂಬ ನಂಬಿಕೆ ತಪ್ಪು. ಬಹುತೇಕರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಪಾರ್ಶ್ವವಾಯು ಅಥವಾ ಹೃದಯಾಘಾತವೇ ಮೊದಲ ಸೂಚನೆಯಾಗುತ್ತದೆ.

ಹಾಗೆಂದು ಒಮ್ಮೆ ಅಳೆದು ರೋಗ ನಿರ್ಧರಿಸಲಾಗದು. ಪಾಸ್‌ಬುಕ್ಕಿನ ಒಂದೇ ನಮೂದಿನಿಂದ ಖಾತೆಯ ಸ್ಥಿತಿ ತಿಳಿಯದು. ಲೋಕಲ್ ರೈಲಿನ ನೂಕುನುಗ್ಗಲಿನಿಂದ ಇಳಿದು, ಮೆಟ್ಟಿಲು ಹತ್ತಿ, ಚಹಾ ಕುಡಿದು ತೋಳು ಚಾಚಿದರೆ ಅಂಕಿ ಏರಿಯೇ ಇರುತ್ತದೆ. ಅರ್ಧ ಗಂಟೆ ಮೊದಲು ಚಹಾ, ಬೀಡಿ-ಸಿಗರೇಟು ಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮಾತನಾಡದೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಎರಡು ಬಾರಿ ಅಳೆಯಬೇಕು. ಬೇರೆ ಬೇರೆ ದಿನವೂ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಅದು ಅಧಿಕ ರಕ್ತದೊತ್ತಡ. 180 ಅಥವಾ 110 ದಾಟಿದರೆ ಅಂದೇ ವೈದ್ಯರನ್ನು ಕಾಣಬೇಕು. ಜೊತೆಗೆ ಎದೆನೋವು, ಮಾತಿನ ತೊದಲು, ಒಂದು ಬದಿಯ ನಿಶ್ಶಕ್ತಿ ಇದ್ದರೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಚಿಕಿತ್ಸೆ ದುಬಾರಿಯಲ್ಲ. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್‌ನಂತಹ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಅಗ್ಗ. ಪಾಲಿಕೆಯ ದವಾಖಾನೆಗಳಲ್ಲೂ ಚಿಕಿತ್ಸೆಯಿದೆ. ದಿನಕ್ಕೆ ಉಪ್ಪು ಒಂದು ಚಹಾ ಚಮಚ, ಅಂದರೆ 5 ಗ್ರಾಂ ಮೀರಬಾರದು; ಉಪ್ಪಿನಕಾಯಿ, ಹಪ್ಪಳ, ಒಣಮೀನಿನದ್ದೂ ಈ ಲೆಕ್ಕದಲ್ಲೇ ಸೇರಬೇಕು. ನಿತ್ಯ ಅರ್ಧ ಗಂಟೆ ನಡಿಗೆ ಬೇಕು, ತಂಬಾಕು ಬೇಡವೇ ಬೇಡ.

ಎಡವುವುದು ಇದರ ಮುಂದೆ. ಅಂಕಿ ಇಳಿದೊಡನೆ ಗುಣವಾಯಿತೆಂದು ಮಾತ್ರೆ ಬಿಡುವವರಿದ್ದಾರೆ. ಇಳಿದದ್ದು ಮಾತ್ರೆಯಿಂದಲೇ ಎಂಬುದು ಮರೆತುಹೋಗುತ್ತದೆ. ಮೇ ತಿಂಗಳಲ್ಲಿ ಊರಿಗೆ ಹೋದವರ ಮಾತ್ರೆ ಅಲ್ಲಿ ಮುಗಿದರೆ ಮತ್ತೆ ಶುರುವಾಗುವುದಿಲ್ಲ. ಕಾಲು ಊದಿತೆಂದು ತಾವಾಗಿಯೇ ನಿಲ್ಲಿಸುವವರೂ ಉಂಟು. ವೈದ್ಯರಿಗೆ ಹೇಳಿದರೆ ಮಾತ್ರೆ ಬದಲಿಸಿ ಕೊಡುತ್ತಾರೆ. ಮುಂಜಾನೆ ಐದಕ್ಕೇ ಕೆಲಸ ಹಿಡಿಯುವ ಹೋಟೆಲ್ ಕಾರ್ಮಿಕನಿಗಂತೂ ದವಾಖಾನೆಯ ಸಾಲಿನಲ್ಲಿ ನಿಲ್ಲಲು ಪುರುಸೊತ್ತಿಲ್ಲ.

2017ರಲ್ಲಿ ಆರಂಭವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಯೋಜನೆ ಮಹಾರಾಷ್ಟ್ರದ ಜಿಲ್ಲೆಗಳಲ್ಲೂ ಜಾರಿಗೆ ಬಂತು. ಪ್ರತಿ ರೋಗಿಯ ಹೆಸರು ದಾಖಲಿಸುವುದು, ತಿಂಗಳಿಗಾಗುವಷ್ಟು ಮಾತ್ರೆ ಕೊಡುವುದು, ಬಾರದವರನ್ನು ವಿಚಾರಿಸುವುದು ಅದರ ಸರಳ ಕ್ರಮ. 2022ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಸಂದಿತು.

ಸಂಘಗಳಿಗೆ ಇದು ಕಷ್ಟದ ಕೆಲಸವೇನಲ್ಲ. ಮಹಾಸಭೆಗೂ ಯಕ್ಷಗಾನಕ್ಕೂ ಮನೆಮನೆಗೆ ಫೋನ್ ಮಾಡುವ ಕಾರ್ಯಕರ್ತರು, ಚೀಟಿಯಲ್ಲಿ ಅಂಕಿ ಏರಿದ್ದವರಿಗೆ ‘ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?’ ಎಂದು ಕೇಳಲಾರರೇ? ಒಂದು ಉತ್ತಮ ಯಂತ್ರ, ಗೌಪ್ಯವಾಗಿಡುವ ಒಂದು ರಿಜಿಸ್ಟರು, ತಿಂಗಳಿಗೊಂದು ಭಾನುವಾರ ಎರಡು ಗಂಟೆ ಸಾಕು. ಶಿಬಿರದ ಯಶಸ್ಸನ್ನು ಬಂದವರ ಸಂಖ್ಯೆಯಿಂದ ಅಳೆಯುವುದಕ್ಕಿಂತ, ವರ್ಷದ ಬಳಿಕವೂ ಮಾತ್ರೆ ಬಿಡದವರ ಸಂಖ್ಯೆಯಿಂದ ಅಳೆಯುವಂತಾಗಲಿ.