ಅಡ್ಜಸ್ಟ್ ಆಗುವ ಸ್ಪ್ರಿಂಗು, ಅಡ್ಜಸ್ಟ್ ಮಾಡಿಕೊಳ್ಳುವ ನಾವು

ದಿನವೂ ಓಡಿಸುವ ಸ್ಪೋರ್ಟ್ಸ್ ಕಾರಿಗೆ ಅಗ್ಗದ ಕಾಯಿಲೋವರ್ ಹಾಕಿಸುವುದು ಉಳಿತಾಯವಲ್ಲ, ದುಂದು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ವಿಷಯದಲ್ಲಿ ನಡೆಯುವ ಮಾತೆಲ್ಲ ‘ಯಾವ ಬ್ರಾಂಡ್ ತಗೊಳ್ಳಲಿ’ ಎಂಬಲ್ಲಿಂದಲೇ ಶುರುವಾಗುತ್ತದೆ. ‘ಬೇಕೇ’ ಎಂಬ ಪ್ರಶ್ನೆ ಏಳುವುದೇ ಇಲ್ಲ. ಸಾಹಿತ್ಯ ಪತ್ರಿಕೆಯಲ್ಲಿ ಇದೇನು ಗ್ಯಾರೇಜಿನ ಪುರಾಣ ಎಂದು ಹುಬ್ಬೇರಿಸುವವರಿಗೆ ಒಂದು ಮಾತು: ಪದ್ಯವನ್ನು ಅಷ್ಟು ಅನುಮಾನದಿಂದ ಓದುವ ನಾವು ಜಾಹೀರಾತನ್ನು ಯಾಕೆ ಅಷ್ಟು ನಂಬಿಕೆಯಿಂದ ಓದುತ್ತೇವೆ? ಕೈಯಲ್ಲಿ ಕಡಿಮೆ ಹಣವಿರುವವರನ್ನು, ಅದರಲ್ಲೂ ನಮ್ಮ ವಯಸ್ಸಿನವರನ್ನು, ಒಂದು ವಸ್ತು ಹೇಗೆ ಮರುಳು ಮಾಡುತ್ತದೆ ಎನ್ನುವುದೂ ಓದಿ ತಿಳಿಯಬೇಕಾದ ಸಂಗತಿಯೇ.

ಕಾಯಿಲೋವರ್ ಎಂದರೇನು? ಕಾರಿನ ಭಾರ ಹೊರುವುದು ಸ್ಪ್ರಿಂಗು. ಕುಗ್ಗಿದ ಸ್ಪ್ರಿಂಗು ಪುಟಿದು ಪುಟಿದು ಕುಣಿಯದಂತೆ ತಡೆಯುವುದು ಶಾಕ್ ಅಬ್ಸಾರ್ಬರು, ಅಂದರೆ ಎಣ್ಣೆ ತುಂಬಿದ ಕೊಳವೆಯೊಳಗೆ ಓಡಾಡುವ ಪಿಸ್ಟನ್ನು. ಶಾಕಿನ ಸುತ್ತಲೇ ಸ್ಪ್ರಿಂಗು ಕೂತರೆ ಅದು ಕಾಯಿಲೋವರ್. ಆದರೆ ಮಾರುಕಟ್ಟೆ ಈ ಹೆಸರಿಗೆ ಇನ್ನೊಂದು ಅರ್ಥ ಅಂಟಿಸಿದೆ. ಕೊಳವೆಯ ಹೊರಮೈಯಲ್ಲಿ ಬೋಲ್ಟಿನ ಹಾಗೆ ಥ್ರೆಡ್ ಕೊರೆದಿರುತ್ತದೆ. ಅದರ ಮೇಲಿನ ರಿಂಗು ತಿರುಗಿಸಿದರೆ ಕಾರು ಎತ್ತರಕ್ಕೇರುತ್ತದೆ ಅಥವಾ ತಗ್ಗುತ್ತದೆ. ನೆತ್ತಿಯ ಮೇಲೊಂದು ನಾಬು. ಅದನ್ನು ಟಿಕ್ ಟಿಕ್ ಎಂದು ತಿರುಗಿಸಿದರೆ ಶಾಕು ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ. ಇದೇ ‘ಅಡ್ಜಸ್ಟಬಲ್’ ಕಾಯಿಲೋವರ್. ಅಮೆರಿಕದಲ್ಲಿ ನಾಲ್ಕುನೂರು ಡಾಲರಿನಿಂದ ಹಿಡಿದು ಎರಡು ಸಾವಿರ ದಾಟುವ ಸೆಟ್ಟುಗಳವರೆಗೆ ಎಲ್ಲವೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತವೆ.

ಈ ವ್ಯಾಮೋಹವನ್ನು ಅರ್ಥಮಾಡಿಕೊಳ್ಳಲು ಮಾಜ್ಡಾ ಎಂಎಕ್ಸ್-5ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಮೆರಿಕದಲ್ಲಿ ಅದನ್ನು ಮಿಯಾಟಾ ಎನ್ನುತ್ತಾರೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಎರಡೇ ಸೀಟು, 1.6 ಲೀಟರಿನ ಎಂಜಿನ್, ಸಾವಿರ ಕಿಲೋ ಮುಟ್ಟದ ತೂಕ. 2016ರಲ್ಲಿ ಈ ಹೆಸರಿನ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು. ಹಳೆಯ ಮಿಯಾಟಾ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ಹಾಗಾಗಿ ಅಲ್ಲಿ ಓದುವ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಮೊದಲ ಸ್ಪೋರ್ಟ್ಸ್ ಕಾರು ಬಹಳ ಸಲ ಇದೇ ಆಗಿರುತ್ತದೆ. ಕೊಂಡ ತಿಂಗಳೊಳಗೆ ಅವರಿಗೆ ಸಿಗುವ ಮೊದಲ ಸಲಹೆ: ‘ಕಾಯಿಲೋವರ್ ಹಾಕಿಸು.’

ತಮಾಷೆ ಏನೆಂದರೆ, ಮಿಯಾಟಾದ ನಾಲ್ಕೂ ಚಕ್ರಗಳಲ್ಲಿ ಸ್ಪ್ರಿಂಗು ಶಾಕಿನ ಸುತ್ತಲೇ ಇದೆ. ಕಾರ್ಖಾನೆಯಿಂದ ಹೊರಬೀಳುವಾಗಲೇ ಅದು ಕಾಯಿಲೋವರ್ ಕಾರು. ಹಾಗಾದರೆ ಹೊಸದಾಗಿ ಕೊಳ್ಳುತ್ತಿರುವುದು ಏನನ್ನು? ಒಂದು ಥ್ರೆಡ್ಡನ್ನು, ಒಂದು ನಾಬನ್ನು, ಮತ್ತು ‘ಬಿಗಿಯಾದಷ್ಟೂ ಸ್ಪೋರ್ಟಿ’ ಎಂಬ ನಂಬಿಕೆಯನ್ನು.

ಈ ನಂಬಿಕೆಯನ್ನು ಸ್ವಲ್ಪ ಲೆಕ್ಕಕ್ಕೆ ಹಚ್ಚೋಣ. ಸಾಮಾನ್ಯ ಕಾರಿನ ಮೈ ತನ್ನ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುತ್ತದೆ. ಹದವಾಗಿ ತೂಗುವ ತೊಟ್ಟಿಲಿನ ಹಾಗೆ. ಸ್ಪೋರ್ಟ್ಸ್ ಕಾರಿನಲ್ಲಿ ಇದು ಒಂದೂವರೆಯಿಂದ ಎರಡರ ತನಕ ಹೋಗಬಹುದು. ಆಚೆಗೆ ರೇಸಿನ ಸೀಮೆ. ಮೊದಲ ತಲೆಮಾರಿನ ಮಿಯಾಟಾದ ಮುಂದಿನ ಸ್ಪ್ರಿಂಗನ್ನು ಒಂದು ಮಿಲಿಮೀಟರು ಕುಗ್ಗಿಸಲು ಸುಮಾರು 3 ಕಿಲೋ ಭಾರ ಸಾಕು. ಮಾರುಕಟ್ಟೆಯ ಸೆಟ್ಟುಗಳಲ್ಲಿ 6, 7, 8 ಕಿಲೋ ಮಾಮೂಲು. ಎಂಟು ಕಿಲೋದ ಸ್ಪ್ರಿಂಗು ಹಾಕಿದರೆ ಬಿಗಿ ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ತೂಗುವ ವೇಗ ಅದರ ವರ್ಗಮೂಲದಂತೆ, ಸುಮಾರು 1.6 ಪಟ್ಟು ಏರುತ್ತದೆ. ತೊಟ್ಟಿಲು ಈಗ ಜರಡಿಯಾಯಿತು. ಕೂತ ಮನುಷ್ಯನ ಮೈಗೆ ಮೇಲೆ ಕೆಳಗಿನ ಅಲುಗಾಟದಲ್ಲಿ ಅತಿ ಹೆಚ್ಚು ನಾಟುವುದು ಸೆಕೆಂಡಿಗೆ 4ರಿಂದ 8 ಸಲದ ಕಂಪನ. ನಮ್ಮ ಅಗ್ಗದ ಸೆಟ್ಟು ಅತ್ತಲೇ ಮುಖಮಾಡಿ ಹೊರಟಿದೆ.

‘ಬೆನ್ನು ನೋಯಲಿ ಬಿಡಿ, ತಿರುವಿನಲ್ಲಿ ಹಿಡಿತ ಸಿಗುತ್ತದಲ್ಲ’ ಎನ್ನುತ್ತಾರೆ. ಸಿಗುತ್ತದೆಯೇ? ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಕಾರಿನ ತೂಕ, ಅದರ ಗುರುತ್ವ ಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಂತರ ಮತ್ತು ತಿರುವಿನ ವೇಗ. ಈ ಪಟ್ಟಿಯಲ್ಲಿ ಸ್ಪ್ರಿಂಗಿನ ಹೆಸರೇ ಇಲ್ಲ. ಬಿಗಿ ಸ್ಪ್ರಿಂಗು ಕಾರು ವಾಲುವುದನ್ನು ಕಡಿಮೆ ಮಾಡುತ್ತದೆ, ಸರಿದ ಭಾರವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಹೇಗೆ ಹಂಚಬೇಕೆಂದು ಹೇಳುತ್ತದೆ. ಒಟ್ಟು ಸರಿಯುವ ಭಾರ ಹೆಚ್ಚುಕಡಿಮೆ ಅಷ್ಟೇ. ವಾಲದ ಕಾರಿನಲ್ಲಿ ಕೂತವರಿಗೆ ಹಿಡಿತ ಹೆಚ್ಚಾದಂತೆ ಭಾಸವಾಗುತ್ತದೆ. ಇನ್ನು ರಸ್ತೆ ನುಣುಪಿಲ್ಲದಿದ್ದರೆ ಬಿಗಿ ಸ್ಪ್ರಿಂಗಿನ ಚಕ್ರ ನೆಲವನ್ನು ಅನುಸರಿಸುವುದನ್ನು ಬಿಟ್ಟು ಅದರ ಮೇಲೆ ಜಿಗಿಯುತ್ತದೆ. ನೆಲ ಬಿಟ್ಟ ಟೈರಿಗೆ ಎಂಥ ಹಿಡಿತ?

ಈ ಕಾರನ್ನು ರೂಪಿಸಿದವರಿಗೆ ಇದು ಗೊತ್ತಿತ್ತು. ಯೋಜನೆಯ ಮುಖ್ಯಸ್ಥ ತೋಶಿಹಿಕೊ ಹಿರಾಯ್ ಮತ್ತು ಅವರ ತಂಡ ಹಿಡಿದಿದ್ದ ಸೂತ್ರ ‘ಜಿನ್ಬಾ ಇತ್ತಾಯ್’: ಸವಾರ ಮತ್ತು ಕುದುರೆ ಒಂದೇ ಮೈಯಾಗುವುದು. ಕನ್ನಡದ ಓದುಗರಿಗೆ ಈ ಕಲ್ಪನೆ ಹೊಸದೇನಲ್ಲ. ಕನಕದಾಸರ ‘ನಳಚರಿತ್ರೆ’ಯ ನಾಡು ನಮ್ಮದು. ಮಹಾಭಾರತದ ನಳೋಪಾಖ್ಯಾನದಲ್ಲಿ ಬಾಹುಕನ ವೇಷದ ನಳ ಋತುಪರ್ಣನ ರಥ ಹೊಡೆಯುವಾಗ ರಾಜನ ಉತ್ತರೀಯ ಜಾರಿ ಬೀಳುತ್ತದೆ. ನಿಲ್ಲಿಸು ಎನ್ನುವಷ್ಟರಲ್ಲಿ ರಥ ಒಂದು ಯೋಜನ ದಾಟಿರುತ್ತದೆ. ನಳನಿಗೆ ಗೊತ್ತಿದ್ದದ್ದು ಅಶ್ವಹೃದಯ. ಋತುಪರ್ಣನಿಗೆ ಗೊತ್ತಿದ್ದದ್ದು ಅಕ್ಷಹೃದಯ, ಅಂದರೆ ದಾಳದ ಮತ್ತು ಎಣಿಕೆಯ ಗುಟ್ಟು. ತಾರೆ ಮರದ ಎಲೆಕಾಯಿಗಳನ್ನು ನೋಡಿದೊಡನೆ ಎಣಿಸಿ ಹೇಳಿದವನು ಅವನು. ಕತೆಯಲ್ಲಿ ಇಬ್ಬರೂ ತಮ್ಮ ವಿದ್ಯೆಗಳನ್ನು ಕೊಟ್ಟು ತೆಗೆದುಕೊಳ್ಳುತ್ತಾರೆ. ನಮ್ಮ ಮಾರುಕಟ್ಟೆಯಲ್ಲಿ ಆ ವಿನಿಮಯ ಇಲ್ಲ. ಅದು ಮೂವತ್ತು ಕ್ಲಿಕ್ಕು, ಎಂಟು ಕಿಲೋ, ಎರಡು ಇಂಚು ಎಂದು ಎಣಿಕೆಯನ್ನಷ್ಟೇ ತೋರಿಸಿ ಅದನ್ನೇ ಅಶ್ವಹೃದಯ ಎಂದು ಮಾರುತ್ತದೆ.

ಮಾಜ್ಡಾ ಇವತ್ತಿಗೂ ತನ್ನ ದಾರಿ ಬಿಟ್ಟಿಲ್ಲ. 2022ರ ಮಾದರಿಯಿಂದ ಅದು ತಂದ ಹೊಸ ವ್ಯವಸ್ಥೆಯಲ್ಲಿ, ಜೋರು ತಿರುವಿನಲ್ಲಿ ಒಳಬದಿಯ ಹಿಂಚಕ್ರಕ್ಕೆ ಹಗುರಾಗಿ ಬ್ರೇಕ್ ಹಿಡಿದು ಕಾರಿನ ಮೈ ಮೇಲೇಳದಂತೆ ನೋಡಿಕೊಳ್ಳುತ್ತಾರೆ. ಇದಕ್ಕಾಗಿ ಸ್ಪ್ರಿಂಗನ್ನು ಕಲ್ಲು ಮಾಡಲಿಲ್ಲ. ಈ ವಂಶದ ಪೂರ್ವಜ ಎನ್ನಬಹುದಾದ 1962ರ ಲೋಟಸ್ ಎಲಾನ್ ಕೂಡ ಮೆದು ಸ್ಪ್ರಿಂಗಿನ ಕಾರೇ. ಕಾಲಿನ್ ಚಾಪ್‌ಮನ್ ಅದನ್ನು ಹಗುರ ಮಾಡಿದರು, ಚಕ್ರಕ್ಕೆ ಏರಿಳಿಯಲು ಜಾಗ ಕೊಟ್ಟರು. ತಿರುವುಗಳಲ್ಲಿ ಅದರ ನಡಿಗೆಯನ್ನು ಇಂದಿಗೂ ಮಾದರಿಯೆಂದು ಹೇಳುತ್ತಾರೆ.

ಇನ್ನು ಆ ನಾಬಿನ ವಿಷಯ. ‘ಮೂವತ್ತು ಕ್ಲಿಕ್ಕು’ ಎಂದರೆ ಮೂವತ್ತು ಆಯ್ಕೆ, ಮೂವತ್ತು ಸ್ವಾತಂತ್ರ್ಯ ಎಂದು ಕೇಳಿಸುತ್ತದೆ. ಒಳ್ಳೆಯ ಶಾಕಿನಲ್ಲಿ ಕುಗ್ಗುವ ತಡೆ ಬೇರೆ, ಹಿಗ್ಗುವ ತಡೆ ಬೇರೆ. ಎರಡನ್ನೂ ಸ್ಪ್ರಿಂಗಿಗೆ ತಕ್ಕ ಹಾಗೆ ಹೊಂದಿಸಿರುತ್ತಾರೆ. ಅಗ್ಗದ ಸೆಟ್ಟುಗಳಲ್ಲಿ ಒಂದೇ ನಾಬು ಎರಡನ್ನೂ ಒಟ್ಟಿಗೆ ಎಳೆದಾಡುತ್ತದೆ. ಯಾವ ಕ್ಲಿಕ್ಕಿನಲ್ಲಿ ಎಷ್ಟು ತಡೆ ಎಂದು ಅಳೆದ ನಕ್ಷೆಯನ್ನು ಬಹುತೇಕರು ಕೊಡುವುದಿಲ್ಲ. ಎಂಜಿನಿಯರು ಮುಗಿಸಿ ಕೊಡಬೇಕಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು, ‘ಉಳಿದದ್ದು ನಿಮ್ಮಿಷ್ಟ’ ಎನ್ನುವುದಕ್ಕೆ ಆಯ್ಕೆ ಎಂದು ಹೆಸರು. ಬೆಂಗಳೂರಿನ ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದರೆ ಅರ್ಥ ಎಲ್ಲರಿಗೂ ಗೊತ್ತು: ಜಾಗ ಇಲ್ಲ, ನೀವೇ ಸಹಿಸಿಕೊಳ್ಳಿ. ಅಗ್ಗದ ಕಾಯಿಲೋವರಿನ ಮೇಲೆ ಬರೆದಿರುವ ‘ಅಡ್ಜಸ್ಟಬಲ್’ ಎಂಬುದಕ್ಕೂ ಅರ್ಥ ಅದೇ.

ಎತ್ತರ ತಗ್ಗಿಸುವ ಚಟದ್ದು ಇನ್ನೊಂದು ಕತೆ. ಕಾರು ನೆಲಕ್ಕೆ ಹತ್ತಿರವಾದಷ್ಟೂ ಚಂದ ಎಂಬುದು ಫೋಟೋಗೆ ಸರಿ. ಆದರೆ ತಗ್ಗಿದ ಪ್ರತಿ ಸೆಂಟಿಮೀಟರೂ ಚಕ್ರ ಮೇಲೇರಲು ಇದ್ದ ಜಾಗದಿಂದ ಕಡಿತವಾಗುತ್ತದೆ. ಮಿಯಾಟಾದಲ್ಲಿ ಆ ಜಾಗ ಮೊದಲೇ ಕಡಿಮೆ. ಎರಡು ಇಂಚು ತಗ್ಗಿಸಿದ ಕಾರು ಸ್ಪ್ರಿಂಗಿನ ಮೇಲೆ ಓಡುವುದಕ್ಕಿಂತ ಹೆಚ್ಚಾಗಿ, ಕೊನೆಯಲ್ಲಿ ತಡೆಯಲೆಂದು ಇಟ್ಟ ಬಂಪ್ ಸ್ಟಾಪಿನ ಮೇಲೆ ಓಡುತ್ತದೆ. ಮುಂದೆ ಸ್ಟ್ರಟ್ ಇರುವ ಟೊಯೋಟಾ 86, ಸುಬಾರು ಬಿಆರ್‌ಝಡ್‌ನಂಥ ಕಾರುಗಳಲ್ಲಿ ಇನ್ನೊಂದು ಎಡವಟ್ಟು ಸೇರಿಕೊಳ್ಳುತ್ತದೆ. ಅತಿಯಾಗಿ ತಗ್ಗಿಸಿದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ವಾಲುವುದನ್ನು ತಡೆಯಲು ಹೋಗಿ ವಾಲಿಸುವ ಬಲವನ್ನೇ ಹೆಚ್ಚಿಸಿದಂತಾಗುತ್ತದೆ.

ಹಾಗಾದರೆ ಹಾಕಿಸಿಕೊಂಡವರೆಲ್ಲ ಹೊಗಳುತ್ತಾರಲ್ಲ? ಹೊಗಳದೆ ಇನ್ನೇನು. ಅವರು ಹೋಲಿಸುತ್ತಿರುವುದು ಹೊಸ ಕಾಯಿಲೋವರನ್ನು, ಇಪ್ಪತ್ತು ಮೂವತ್ತು ವರ್ಷ ದುಡಿದು ಎಣ್ಣೆ ಸೋರಿ ಸತ್ತ ಶಾಕಿನ ಜೊತೆ. ಸತ್ತದ್ದರ ಪಕ್ಕದಲ್ಲಿ ಯಾವುದೂ ಜೀವಂತವಾಗಿಯೇ ಕಾಣುತ್ತದೆ. ಅದೇ ಹಣಕ್ಕೆ ಒಳ್ಳೆಯ ಸಾದಾ ಶಾಕು ಹಾಕಿಸಿ ನೋಡಿದವರನ್ನು ಕೇಳಬೇಕು. ಆದರೆ ಅವರು ತೋರಿಸಲು ಬಣ್ಣದ ಸ್ಪ್ರಿಂಗು ಇರುವುದಿಲ್ಲ.

ವಿರುದ್ಧ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವವರಿಗೆ, ನಾಲ್ಕು ಚಕ್ರಗಳ ಕೆಳಗೂ ತಕ್ಕಡಿಯಿಟ್ಟು ಭಾರ ಹೊಂದಿಸಿಕೊಳ್ಳುವವರಿಗೆ, ಎತ್ತರ ಬದಲಾಯಿಸುವ ಥ್ರೆಡ್ಡು ನಿಜವಾದ ಉಪಕರಣ. ಓಲಿನ್ಸ್, ಕೆಡಬ್ಲ್ಯೂನಂಥವರ ದುಬಾರಿ ಸೆಟ್ಟುಗಳನ್ನು ಅಗ್ಗದವುಗಳ ಜೊತೆ ಒಂದೇ ಗಂಟು ಕಟ್ಟುವುದೂ ತಪ್ಪು. ನನ್ನ ತಕರಾರು ಆ ಇಬ್ಬರ ಬಗ್ಗೆ ಅಲ್ಲ. ವಾರಕ್ಕೆ ಐದು ದಿನ ಕಾಲೇಜಿಗೆ, ಆಫೀಸಿಗೆ, ತರಕಾರಿಗೆ ಅದೇ ಕಾರಿನಲ್ಲಿ ಹೋಗುತ್ತ, ಎಂದೋ ಬರಲಿರುವ ಒಂದು ಭಾನುವಾರಕ್ಕಾಗಿ ಆ ಐದು ದಿನಗಳನ್ನೂ ಹಿಂಸೆ ಮಾಡಿಕೊಳ್ಳುವವರ ಬಗ್ಗೆ.

ಸಾವಿರ ಡಾಲರ್ ಇದ್ದರೆ ಏನು ಮಾಡಬೇಕು? ಮೊದಲು ಟೈರು. ನೆಲ ಮುಟ್ಟುವುದು ಅದೊಂದೇ. ಒಳ್ಳೆಯ ನಾಲ್ಕು ಟೈರು ಕೊಡುವ ಹಿಡಿತವನ್ನು ಯಾವ ಅಗ್ಗದ ಸ್ಪ್ರಿಂಗೂ ಕೊಡಲಾರದು. ಆಮೇಲೆ ಒಣಗಿ ಬಿರುಕುಬಿಟ್ಟ ರಬ್ಬರ್ ಬುಷ್‌ಗಳನ್ನು ನೋಡಿ, ಬೇಕಾದ ಕಡೆ ಬದಲಿಸಿ, ತಿಳಿದವರ ಹತ್ತಿರ ಅಲೈನ್‌ಮೆಂಟ್ ಮಾಡಿಸಬೇಕು. ಉಳಿದ ಹಣವನ್ನು, ಸಾಲದಿದ್ದರೆ ಇನ್ನಾರು ತಿಂಗಳು ಕೂಡಿಟ್ಟು, ಬಿಲ್‌ಸ್ಟೈನ್ ಅಥವಾ ಕೋನಿಯಂಥವರ ಶಾಕುಗಳಿಗೆ ಹಾಕಬೇಕು. ಜೊತೆಗೆ ಹಳೆಯ ಸ್ಪ್ರಿಂಗನ್ನೇ ಇಡಬಹುದು, ಇಲ್ಲವೇ ತುಸು ಮಾತ್ರ ಬಿಗಿಯಾದದ್ದನ್ನು ಹಾಕಬಹುದು. 1994ರ ಮಿಯಾಟಾದ ‘ಆರ್’ ಪ್ಯಾಕೇಜಿನಲ್ಲಿ ಮಾಜ್ಡಾವೇ ಬಿಲ್‌ಸ್ಟೈನ್ ಶಾಕು ಕೊಟ್ಟಿತ್ತು. ಇಷ್ಟು ಹೇಳಿಯೂ ಕಾಯಿಲೋವರೇ ಬೇಕು ಎನ್ನುವವರು ಮಾರುವವರಿಗೆ ಮೂರು ಪ್ರಶ್ನೆ ಕೇಳಲಿ. ಶಾಕು ಅಳೆದ ನಕ್ಷೆ ಇದೆಯೇ? ಕೆಟ್ಟರೆ ಒಂದೇ ಶಾಕು, ಒಂದು ಸೀಲು ಬಿಡಿಯಾಗಿ ಸಿಗುತ್ತದೆಯೇ? ಇನ್ನೂ ಮೆದು ಸ್ಪ್ರಿಂಗು ಹಾಕಿ ಕೊಡುತ್ತೀರಾ? ಉತ್ತರ ತಡವರಿಸಿದರೆ ಪರ್ಸು ಜೇಬಿನಲ್ಲೇ ಇರಲಿ.

ಕಾರು ಓಡಾಡುವುದು ಊರಿನ ರಸ್ತೆಯಲ್ಲಿ ಎಂಬುದನ್ನು ಕಾನೂನೂ ನೆನಪಿಸುತ್ತದೆ. ಈ ಚಟಕ್ಕೆ ಹೆಸರಾದ ಜಪಾನಿನಲ್ಲೇ, ನೆಲದಿಂದ 9 ಸೆಂಟಿಮೀಟರ್ ಎತ್ತರ ಉಳಿಸಿಕೊಳ್ಳದ ಕಾರು ಅಲ್ಲಿನ ಕಡ್ಡಾಯ ತಪಾಸಣೆಯಲ್ಲಿ ಪಾಸಾಗುವುದಿಲ್ಲ. ಇದೇ ಸೆಟ್ಟುಗಳು ಈಗ ನಮ್ಮ ಊರಿನ ಸಾದಾ ಹ್ಯಾಚ್‌ಬ್ಯಾಕುಗಳಿಗೂ ಬರುತ್ತಿವೆ. ಇಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಗೆ ಸರಿಯಾಗಿ ಕಟ್ಟಿದ ಹಂಪಿನ ಎತ್ತರವೇ 10 ಸೆಂಟಿಮೀಟರು. ಅಳತೆಯಿಲ್ಲದೆ ರಾತ್ರೋರಾತ್ರಿ ಏಳುವ ಹಂಪುಗಳನ್ನು ಲೆಕ್ಕ ಇಡುವವರು ಯಾರು? ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ.

ಕೊನೆಗೂ ಇದು ದಿನನಿತ್ಯಕ್ಕೆ ಎಷ್ಟು ಮರ್ಯಾದೆ ಕೊಡುತ್ತೇವೆ ಎಂಬ ಪ್ರಶ್ನೆ. ಬೆಳಗ್ಗೆ ಎಂಟರ ಟ್ರಾಫಿಕ್ಕು, ಕಿತ್ತುಹೋದ ಡಾಂಬರು, ಪಕ್ಕದ ಸೀಟಿನಲ್ಲಿ ಕೂತ ಅಮ್ಮ, ಮನೆಗೆ ತಿರುಗುವ ಕೊನೆಯ ತಿರುವು: ಬದುಕು ನಡೆಯುವುದು ಅಲ್ಲಿ. ಅದನ್ನು ಅಸಲಿ ಬದುಕಿನ ತಾಲೀಮು ಎಂದು ನಂಬಿಸುವವರ ವ್ಯಾಪಾರಕ್ಕೆ ಸ್ಪ್ರಿಂಗು ಒಂದು ನೆಪ ಮಾತ್ರ. ನಾಳೆ ಅದು ಫೋನಾಗುತ್ತದೆ, ಕೋರ್ಸಾಗುತ್ತದೆ, ಇನ್ನೇನೋ ಆಗುತ್ತದೆ. ದಿನವೂ ಹೋಗುವ ರಸ್ತೆಯಲ್ಲಿ ಕಾರನ್ನು ಚೆನ್ನಾಗಿ, ಹದವಾಗಿ, ಪಕ್ಕದಲ್ಲಿ ಕೂತವರಿಗೆ ನೋವಾಗದಂತೆ ಓಡಿಸಲು ಕಲಿಯುವುದಕ್ಕೆ ಹಣ ಬೇಡ. ಅದು ಬಂದಿಲ್ಲದವರಿಗೆ ಮೂವತ್ತು ಕ್ಲಿಕ್ಕಿದ್ದೂ ಪ್ರಯೋಜನವಿಲ್ಲ.