ಅಪರಾಧಿಯನ್ನು ಅಳೆಯುವ ಪ್ರಶ್ನಾವಳಿ ನಮ್ಮ ನೆಲಕ್ಕೆ ಹೊಂದುವುದೇ?

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿ ಬಂದಾಗಲೆಲ್ಲ, ನೌಕರರನ್ನು ನೇಮಿಸುವ ಮುನ್ನವೇ ಮಾನಸಿಕ ಪರೀಕ್ಷೆ ಏಕೆ ಮಾಡಿಸಬಾರದು ಎಂದು ಭಕ್ತರು ಕೇಳುವುದುಂಟು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಓದುತ್ತಿರುವ ತುಮಕೂರಿನಲ್ಲಿ, ಗುಬ್ಬಿ ಕುಣಿಗಲ್ಲುಗಳ ಹಾಸ್ಟೆಲುಗಳಿಗೆ ಹಳ್ಳಿಯ ತಂದೆತಾಯಿಗಳು ಮಕ್ಕಳನ್ನು ನಂಬಿ ಒಪ್ಪಿಸುವಲ್ಲಿ, ಈ ಪ್ರಶ್ನೆ ಸಹಜವಾದುದು.

ಆದರೆ ಯಾರು ತಪ್ಪೆಸಗುವರೆಂದು ಮುಂಚಿತವಾಗಿ ಗುರುತಿಸುವ ಪರೀಕ್ಷೆ ಜಗತ್ತಿನಲ್ಲೆಲ್ಲೂ ಸಿದ್ಧವಾಗಿಲ್ಲ. ಬಹುವಾಗಿ ಬಳಕೆಯಲ್ಲಿರುವ ‘ಸ್ಟ್ಯಾಟಿಕ್-99’ ಎಂಬ ಹತ್ತು ಅಂಶಗಳ ಮಾಪನವನ್ನು 1999ರಲ್ಲಿ ಹ್ಯಾನ್ಸನ್ ಮತ್ತು ಥಾರ್ನ್‌ಟನ್ ಎಂಬ ವಿದ್ವಾಂಸರು ಕೆನಡಾ, ಬ್ರಿಟನ್ನುಗಳ ಅಪರಾಧಿಗಳ ದಾಖಲೆಗಳಿಂದ ರೂಪಿಸಿದರು. ಒಮ್ಮೆ ಸಿಕ್ಕಿಬಿದ್ದ ವಯಸ್ಕ ಪುರುಷನು ಮತ್ತೆ ಅಂಥದೇ ಕೃತ್ಯವೆಸಗುವ ಸಂಭವವನ್ನಷ್ಟೇ ಅದು ಅಂದಾಜಿಸುತ್ತದೆ. ಎರಡು ವರ್ಷವಾದರೂ ಸಂಗಾತಿಯೊಡನೆ ಬಾಳಿರದವನಿಗೆ ಅದರಲ್ಲಿ ಒಂದು ಅಂಕ ಏರುತ್ತದೆ. ಈ ಲೆಕ್ಕದಲ್ಲಿ ವಿರಕ್ತ ಪರಂಪರೆಯವರೆಲ್ಲರಿಗೂ ಆ ಅಂಕ ಖಚಿತ! ಬಲಿಪಶು ಅಪರಿಚಿತರಾಗಿದ್ದರೂ ಅಂಕ ಏರುತ್ತದೆ. ನಮ್ಮ ದೇಶದಲ್ಲಾದರೋ, ಅತ್ಯಾಚಾರ ಪ್ರಕರಣಗಳ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಆರೋಪಿಗಳು ಪರಿಚಿತರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷವೂ ವರದಿ ಮಾಡುತ್ತಿದೆ. ಆದ್ದರಿಂದ ಇಂತಹ ಮಾಪನವನ್ನು ಕನ್ನಡಕ್ಕೆ ತಂದುಕೊಂಡರೆ ಸಾಲದು. ಇಲ್ಲಿಯವರ ಮೇಲೆಯೇ ಪ್ರಯೋಗಿಸಿ, ವರ್ಷಗಟ್ಟಲೆ ಗಮನಿಸಿ, ಅದರ ಮಾತು ನಿಜವಾಯಿತೇ ಎಂದು ತಾಳೆ ನೋಡಬೇಕು.

ತಾಳೆಯಾದರೂ ತೊಡಕು ತೀರದು. ಸಾವಿರ ನೌಕರರಲ್ಲಿ ಹತ್ತು ಮಂದಿ ದುಷ್ಟರಿರುವರೆಂದೂ, ಪರೀಕ್ಷೆ ನೂರಕ್ಕೆ 90 ಸಲ ಸರಿಹೇಳುವುದೆಂದೂ ಭಾವಿಸೋಣ. ಒಂಬತ್ತು ದುಷ್ಟರು ಸಿಕ್ಕುವರು, ಒಬ್ಬನು ಪಾರಾಗುವನು. 99 ನಿರಪರಾಧಿಗಳಿಗೆ ಕಳಂಕ ಹತ್ತುವುದು. ಆ ಪಾರಾದವನಿಗೆ ಪ್ರಮಾಣಪತ್ರವನ್ನು ಕೊಟ್ಟವರು ನಾವೇ ಆಗುವೆವು. ನಮಗೆ ಹೆಚ್ಚು ಭಯವಿರುವುದು ಇದರಲ್ಲಿಯೇ.

ತನಿಖೆಯಲ್ಲಿಯೂ ಇಂತಹ ಉಪಕರಣಗಳಿಗೆ ಮಿತಿಯಿದೆ. ನಮ್ಮ ರಾಜ್ಯವೇ ಕಕ್ಷಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಮ್ಮತಿಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳನ್ನು ನಡೆಸುವಂತಿಲ್ಲವೆಂದು 2010ರ ಮೇ 5ರಂದು ತೀರ್ಪಿತ್ತಿತು.

ಕಾನೂನು ನಮ್ಮಿಂದ ಅಪೇಕ್ಷಿಸುವುದು ಬೇರೆಯೇ. ಮಕ್ಕಳಿರುವ ಪ್ರತಿ ಸಂಸ್ಥೆಯೂ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಕಾಲಕಾಲಕ್ಕೆ ಪರಿಶೀಲಿಸಬೇಕೆಂದು 2020ರ ಪೋಕ್ಸೊ ನಿಯಮಗಳು ವಿಧಿಸುತ್ತವೆ. ಅಡುಗೆಯವರು, ಕಾವಲುಗಾರರು, ವಾರ್ಡನ್ನರು, ಯಾರೂ ಇದಕ್ಕೆ ಹೊರತಲ್ಲ. ಮಗು ಹೇಳಿದ್ದನ್ನು ಸಂಸ್ಥೆಯ ಗೌರವದ ನೆಪದಲ್ಲಿ ಮುಚ್ಚಿಟ್ಟು, ತನ್ನ ಕೈಕೆಳಗಿನವನ ಕೃತ್ಯವನ್ನು ಪೊಲೀಸರಿಗೆ ತಿಳಿಸದ ಮುಖ್ಯಸ್ಥನಿಗೆ ಪೋಕ್ಸೊ ಕಾಯ್ದೆಯ 21ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಮಠಗಳ ಮುಖ್ಯಸ್ಥರಿಗೂ ಇದರಲ್ಲಿ ವಿನಾಯಿತಿಯಿಲ್ಲ.